ಆಳ ಕಮ್ಮಿ ಇರೋ ಕರಾವಳಿಗೆ ಎಷ್ಟು ಡ್ರಾಫ್ಟಿನ ಹಾಯಿ ದೋಣಿ ತಗೋಬೇಕು?

ಸುಂಟಿಕೊಪ್ಪ ತೋಟ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಹತ್ರ ನಮ್ದು ಸಣ್ಣ ಕಾಫಿ ತೋಟ, ರೊಬಸ್ಟಾ ಜಾಸ್ತಿ, ಮಧ್ಯ ಮೆಣಸು. ಗೋವಾದಲ್ಲಿ ಸೈಲಿಂಗ್ ಕೋರ್ಸ್ ಮುಗಿಸಿದ ಮೇಲೆ ಬಾಡಿಗೆ ದೋಣಿಯಲ್ಲೇ ಓಡಾಡ್ತಾ ಇದ್ದೆ, ಈಗ ಸ್ವಂತಕ್ಕೆ ಒಂದು ತಗೊಳ್ಳೋದು ಅಂತ ನಾನೂ ನನ್ನ ಹೆಂಡತಿನೂ ತೀರ್ಮಾನ ಮಾಡಿದೀವಿ, ಮಕ್ಕಳಿಬ್ರೂ ಪ್ರೈಮರಿ ಸ್ಕೂಲು, ಈಜು ಚೆನ್ನಾಗಿ ಬರುತ್ತೆ.

ನಮ್ಮ ಆಸೆ ದೊಡ್ಡ ಸಮುದ್ರ ದಾಟೋದಲ್ಲ. ಮಂಗಳೂರಿಂದ ಕಾರವಾರದ ತನಕ ದಡ ಹಿಡ್ಕೊಂಡು ಹೋಗೋದು, ರಾತ್ರಿ ಹೊತ್ತು ಗಂಗೊಳ್ಳಿ, ಹೊನ್ನಾವರ, ತದಡಿ ಈ ಥರ ನದಿ ಒಳಗೆ ನುಗ್ಗಿ ಲಂಗರು ಹಾಕಿ ಮಲಗೋದು, ಬೆಳಿಗ್ಗೆ ಮತ್ತೆ ಹೊರಡೋದು. ಒಂದೇ ಸಲಕ್ಕೆ ಪೂರ್ತಿ ಅಲ್ಲ, ಸಿಕ್ಕಷ್ಟು ರಜೆಯಲ್ಲಿ ತುಂಡು ತುಂಡಾಗಿ.

ಎರಡು ಸೆಕೆಂಡ್ ಹ್ಯಾಂಡ್ ಬೋಟ್ ನೋಡಿದೀನಿ. ಒಂದು 26 ಅಡಿದು, ಫಿನ್ ಕೀಲ್ (ತಳದಲ್ಲಿ ರೆಕ್ಕೆ ಥರ ಕೆಳಗಿಳಿದಿರೋ ಭಾರದ ಭಾಗ), ಡ್ರಾಫ್ಟ್ (ನೀರಿನ ಮಟ್ಟದಿಂದ ಬೋಟ್ ಕೆಳಗಿಳಿಯೋ ಆಳ) 1.4 ಮೀಟರ್, ಒಳಗೆ ನಾಲ್ಕು ಜನ ಆರಾಮಾಗಿ ಮಲಗಬಹುದು, ಕಂಡೀಷನ್ ಚೆನ್ನಾಗಿದೆ. ಇನ್ನೊಂದು 19 ಅಡಿ, ಸೆಂಟರ್‌ಬೋರ್ಡ್ (ತಳದಿಂದ ಇಳಿಸಿ ಎತ್ತೋ ಹಲಗೆ) ಇರೋದು, ಬೋರ್ಡ್ ಎತ್ತಿದ್ರೆ ಅರ್ಧ ಮೀಟರ್ ನೀರು ಸಾಕು, ಇಳಿಸಿದ್ರೆ 1.2, ಕ್ಯಾಬಿನ್ ಮಾತ್ರ ಇಕ್ಕಟ್ಟು. ರೇಟು ಹೆಚ್ಚುಕಮ್ಮಿ ಒಂದೇ. ಕೇಳಿದವರೆಲ್ಲ ದೊಡ್ಡದೇ ಸೇಫ್, ಕೀಲ್ ಆಳ ಇದ್ದಷ್ಟೂ ಒಳ್ಳೇದು ಅಂತಾರೆ. ನಮ್ಮ ಕರಾವಳಿಗೆ ನಿಜವಾಗ್ಲೂ ಎಷ್ಟು ಡ್ರಾಫ್ಟ್ ಸರಿ? ಅರ್ಧ ಮೀಟರಿಂದು ಅಲೆಯಲ್ಲಿ ತುಂಬಾ ಹೊಯ್ದಾಡುತ್ತಾ? ಮಳೆಗಾಲದಲ್ಲಿ ಬೋಟ್ ಎಲ್ಲಿಡೋದು ಅನ್ನೋದೂ ಗೊತ್ತಾಗ್ತಾ ಇಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಮಲ್ಪೆ ಕಡಲು

ನಾನು ಮೀನುಗಾರಿಕೆ ಮನೆಯವ, ಹಾಯಿ ಬೋಟಿನ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಆಗುದಿಲ್ಲ ಆದ್ರೆ ಅಳಿವೆ ಬಗ್ಗೆ ಹೇಳ್ತೇನೆ. ನೀವು ಹೇಳಿದ ಜಾಗ ಉಂಟಲ್ಲ, ಗಂಗೊಳ್ಳಿ, ಹೊನ್ನಾವರ, ತದಡಿ, ಇದೆಲ್ಲ ನದಿ ಸಮುದ್ರಕ್ಕೆ ಸೇರುವ ಬಾಯಿ. ಆ ಬಾಯಲ್ಲಿ ಮರಳಿನ ದಿಣ್ಣೆ ಇರ್ತದೆ. ಹೊರಗೆ ಸಮುದ್ರದಲ್ಲಿ 8-10 ಮೀಟರ್ ನೀರು, ಒಳಗೆ ನದಿಯಲ್ಲೂ ಬೇಕಾದಷ್ಟು ಆಳ, ಮಧ್ಯದಲ್ಲಿ ದಿಣ್ಣೆ ಮೇಲೆ ಮಾತ್ರ ನೀರು ತೀರ ಕಮ್ಮಿ. ಪ್ರತಿ ಮಳೆಗಾಲ ಕಳೆದ ಮೇಲೆ ಆ ದಿಣ್ಣೆ ಜಾಗ ಬದಲಾಗ್ತದೆ ಮಾರಾಯ್ರೆ, ಹೋದ ವರ್ಷ ದಾರಿ ಇದ್ದಲ್ಲಿ ಈ ವರ್ಷ ಮರಳು. ಗಂಗೊಳ್ಳಿಯಲ್ಲಿ ಐದು ನದಿ ಒಟ್ಟಿಗೆ ಬಂದು ಸೇರುವುದು, ಸೌಪರ್ಣಿಕಾ ವಾರಾಹಿ ಚಕ್ರಾ ಎಲ್ಲ, ಅಷ್ಟೂ ನೀರು ಹೂಳು ತಂದು ಹಾಕ್ತದೆ.

ಹಾಗಾಗಿ ಮೊಬೈಲ್ ಮ್ಯಾಪಲ್ಲಿ ಆಳ ನೋಡಿ ಒಳಗೆ ನುಗ್ಗಬೇಡಿ. ಹೊರಗೆ ಸ್ವಲ್ಪ ಹೊತ್ತು ನಿಂತು ಊರಿನ ಬೋಟು ಯಾವ ಗೆರೆಯಲ್ಲಿ ಹೋಗಿ ಬರ್ತದೆ ನೋಡಿ, ಅದರ ಹಿಂದೆಯೇ ಹೋಗಿ. ಆದ್ರೆ ಅದೂ ಒಂದು ಲೆಕ್ಕ ಇಟ್ಟುಕೊಂಡು, ಯಾಕಂದ್ರೆ ಔಟ್‌ಬೋರ್ಡ್ ಹಾಕಿದ ನಾಡದೋಣಿಗೆ ನಿಮ್ಮ 1.4 ಮೀಟರ್ ಕೀಲ್ ಇಲ್ಲ, ಅದು ಮೊಣಕಾಲು ನೀರಲ್ಲೂ ಹೋಗ್ತದೆ.

ವಿರಾಜಪೇಟೆ, ನಿವೃತ್ತ ನೌಕಾಪಡೆ

ಮಲ್ಪೆಯವ್ರು ಮುಖ್ಯ ವಿಷಯ ಹೇಳಿದ್ದಾರೆ, ನಾನು ಅದಕ್ಕೆ ಲೆಕ್ಕ ಸೇರಿಸ್ತೀನಿ. ನೌಕಾಪಡೆಯಲ್ಲಿ ಇದ್ದಷ್ಟು ಕಾಲ ಹಾಯಿ ದೋಣಿ ನಡೆಸ್ತಾ ಇದ್ದೆ, ಈಗ ವಿರಾಜಪೇಟೆಯಲ್ಲಿ ಇದ್ದೀನಿ.

ಚಾರ್ಟಲ್ಲಿ ಬರೆದಿರೋ ಆಳ ಅಂದ್ರೆ ಇಳಿತ ಅತಿ ಕಮ್ಮಿ ಇದ್ದಾಗ ಹೆಚ್ಚುಕಮ್ಮಿ ಉಳಿಯೋ ನೀರು. ಅದರ ಮೇಲೆ ಆ ಹೊತ್ತಿನ ಉಬ್ಬರ ಸೇರಿಸ್ಬೇಕು, ಅಲೆಗೆ ಅಂತ ಸ್ವಲ್ಪ ಕಳೀಬೇಕು, ಆಮೇಲೆ ನಿಮ್ಮ ಡ್ರಾಫ್ಟ್ ಕಳೀಬೇಕು, ಉಳಿದಿದ್ದೇ ಕೀಲ್ ಕೆಳಗಿರೋ ನೀರು. ಒಂದು ಅಳಿವೆ ದಿಣ್ಣೆ ಮೇಲೆ ಚಾರ್ಟಲ್ಲಿ 0.8 ಮೀಟರ್ ಇದೆ ಅಂದ್ಕೊಳ್ಳಿ, ನೀವು ಹೋಗೋ ಹೊತ್ತಿಗೆ ಉಬ್ಬರ 1.2, ಒಟ್ಟು 2 ಮೀಟರ್ ಆಯ್ತು. ಹೊರಗೆ ಒಂದು ಮೀಟರ್ ಎತ್ತರದ ಅಲೆ ಬರ್ತಾ ಇದ್ರೆ ಅಲೆ ತಗ್ಗಲ್ಲಿ ನೀರು ಅರ್ಧ ಮೀಟರ್ ಕೆಳಗಿಳಿಯುತ್ತೆ, ಉಳೀತು 1.5. ನಿಮ್ಮ 26 ಅಡಿ ಬೋಟಿಗೆ 1.4 ಬೇಕು. ಕೀಲ್ ಕೆಳಗೆ ಹತ್ತು ಸೆಂಟಿಮೀಟರ್! ಅದು ಸಾಲದು, ಅಲೆ ತಗ್ಗಲ್ಲಿ ಬೋಟನ್ನ ಎತ್ತಿ ಮರಳಿಗೆ ಕುಕ್ಕುತ್ತೆ, ಹಾಗೆ ಕುಕ್ಕಿದ್ರೆ ಕೀಲ್ ಬೋಲ್ಟ್ ಇರೋ ಜಾಗದಲ್ಲೇ ಬಿರುಕು ಬಿಡೋದು. ಅದೇ ಅರ್ಧ ಮೀಟರಿನ ಬೋಟಿಗೆ ಒಂದು ಮೀಟರ್ ಮಿಗುತ್ತೆ. ಹೋಲಿಕೆಗೆ ಹೇಳ್ತೀನಿ, ಜೆ24 ಅನ್ನೋ ರೇಸಿಂಗ್ ಬೋಟ್ 24 ಅಡಿ ಇದ್ರೂ ಅದರ ಡ್ರಾಫ್ಟ್ 1.22 ಮೀಟರ್, ಬ್ರಿಟನ್ನಿನ ಕಾರ್ನಿಷ್ ಶ್ರಿಂಪರ್ 19 ಬೋರ್ಡ್ ಎತ್ತಿದ್ರೆ 46 ಸೆಂಟಿಮೀಟರ್, ಇಳಿಸಿದ್ರೆ 1.22. ನೀವು ನೋಡಿರೋ ಎರಡನೇದು ಇದೇ ಜಾತಿದು ಅನ್ಸುತ್ತೆ.

ನಮ್ಮ ಕಡೆ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡದಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 10 ಮೀಟರ್ ಹತ್ರ ಹೋಗುತ್ತೆ, ಮಂಗಳೂರಲ್ಲಿ ಹುಣ್ಣಿಮೆ ಅಮಾವಾಸ್ಯೆ ಸಮಯದಲ್ಲೂ ಒಂದೂವರೆ ಮೀಟರ್ ಆಸುಪಾಸು, ಕಾರವಾರಕ್ಕೆ ಸ್ವಲ್ಪ ಜಾಸ್ತಿ. ಹಾಗಾಗಿ ಉಬ್ಬರ ಬಂದ ಮೇಲೆ ಎಲ್ಲಿ ಬೇಕಾದ್ರೂ ಹೋಗಬಹುದು ಅನ್ನೋ ಆಟ ಇಲ್ಲಿ ನಡೆಯಲ್ಲ, ಮೊದಲಿಂದಲೇ ಕಮ್ಮಿ ಡ್ರಾಫ್ಟ್ ಬೇಕು. ಅಷ್ಟಮಿ ಹೊತ್ತಿಗಂತೂ ವ್ಯತ್ಯಾಸ ಇನ್ನೂ ಸಣ್ಣದು. ಮನೆಯಲ್ಲಿ ಗೋಡೆ ಮೇಲಿರೋ ಕ್ಯಾಲೆಂಡರಲ್ಲಿ ತಿಥಿ ನೋಡಿದ್ರೆ ಅರ್ಧ ಅಂದಾಜು ಸಿಗುತ್ತೆ, ಗಂಟೆ ಲೆಕ್ಕಕ್ಕೆ ಟೈಡ್ ಟೇಬಲ್ ಬೇಕೇ ಬೇಕು. ನೀರು ಏರೋದು ಒಂದೇ ಸಮ ಅಲ್ಲ, 1.2 ಮೀಟರ್ ಏರಬೇಕು ಅಂದ್ರೆ ಮೊದಲ ಗಂಟೆ 10 ಸೆಂಟಿಮೀಟರ್, ಆಮೇಲೆ 20, ಮಧ್ಯದ ಎರಡು ಗಂಟೆ ತಲಾ 30, ಮತ್ತೆ 20, ಕೊನೆಗೆ 10, ಅಂದಾಜಿಗೆ ಇಷ್ಟು. ಅಳಿವೆ ದಾಟೋದು ಯಾವಾಗ್ಲೂ ನೀರು ಏರ್ತಾ ಇರೋವಾಗ, ಅರ್ಧ ಉಬ್ಬರ ದಾಟಿದ ಮೇಲೆ. ಆಗ ತಾಗಿದ್ರೂ ಸ್ವಲ್ಪ ಹೊತ್ತಲ್ಲಿ ನೀರೇ ಎತ್ತಿ ಬಿಡುತ್ತೆ. ಇಳಿತದಲ್ಲಿ ಹೋಗಬೇಡಿ, ನದಿ ನೀರು ಹೊರಗೆ ನುಗ್ತಾ ಇರುತ್ತೆ, ಮಧ್ಯಾಹ್ನದ ಕಡಲ ಗಾಳಿ ಎದುರು ಹೊಡೀತಾ ಇರುತ್ತೆ, ದಿಣ್ಣೆ ಮೇಲೆ ಅಲೆ ಕಡಿದಾಗಿ ಮುರಿಯುತ್ತೆ, ಮಕ್ಕಳನ್ನ ಕೂರಿಸ್ಕೊಂಡು ಅಂಥ ಜಾಗಕ್ಕೆ ಹೋಗೋದು ಬೇಡವೇ ಬೇಡ.

ಕುಮಟಾ ಅಘನಾಶಿನಿ

ನಮ್ಮೂರ ಹೊಳೆ ಸಮುದ್ರ ಸೇರೋ ತದಡಿ ಹೆಸರು ಬಂತು ಅಂತ ಬರೀತಾ ಇದ್ದೆ. ಅಘನಾಶಿನಿಗೆ ಎಲ್ಲೂ ಡ್ಯಾಮ್ ಇಲ್ಲ, ಇಳಿತ ಆದಾಗ ತದಡಿ ಒಳಗೆ ಕೆಸರು ಬಯಲು ಎಷ್ಟು ದೂರಕ್ಕೂ ಕಾಣ್ತದೆ, ಹೆಂಗಸ್ರು ಇಳಿದು ಬಳಚು (ಕಪ್ಪೆಚಿಪ್ಪು) ಆರಿಸ್ತಾರೆ. ಇಂಥಲ್ಲಿ ರಾತ್ರಿ ಲಂಗರು ಹಾಕಿ ಮಲಗಿದ್ರೆ ಬೆಳಗಾಗೋದ್ರೊಳಗೆ ನೀರು ಇಳಿದು ಬೋಟ್ ಕೆಸರಲ್ಲಿ ಕೂತಿರೋ ಸಾಧ್ಯತೆ ಇದೆ. ಫಿನ್ ಕೀಲ್ ಆದ್ರೆ ಪಕ್ಕಕ್ಕೆ ಮಲಗಿ ಬಿಡ್ತದೆ, ಒಳಗಿದ್ದ ಪಾತ್ರೆ ಪಗಡಿ ಎಲ್ಲ ಒಂದು ಕಡೆ.

ನನ್ನ ಅಭಿಪ್ರಾಯದಲ್ಲಿ ಬಿಲ್ಜ್ ಕೀಲ್ ಬೋಟನ್ನೂ ನೋಡಿ, ಎರಡು ಪಕ್ಕಕ್ಕೆ ಎರಡು ಗಿಡ್ಡ ಕೀಲ್ ಇರೋದು. ವೆಸ್ಟರ್ಲಿ ಸೆಂಟಾರ್ ಅಂತ 26 ಅಡಿಯ ಹಳೇ ಇಂಗ್ಲಿಷ್ ಬೋಟು, ಡ್ರಾಫ್ಟ್ 0.91 ಮೀಟರ್, ಇಳಿತದಲ್ಲಿ ಎರಡೂ ಕೀಲ್ ಊರಿ ನೆಟ್ಟಗೆ ನಿಂತ್ಕೊಳ್ತದೆ. ಬೋರ್ಡ್ ಎತ್ತೋ ಇಳಿಸೋ ತಲೆಬಿಸಿ ಇಲ್ಲ, ಸವೆಯೋ ಹಗ್ಗ ಇಲ್ಲ, ಕ್ಯಾಬಿನ್ ಮಧ್ಯ ಬೋರ್ಡಿನ ಪೆಟ್ಟಿಗೆ ಅಡ್ಡ ಬರೋದಿಲ್ಲ. ನಿಮ್ಮ ಮನೆಯವ್ರು ಮಕ್ಕಳು ಆರಾಮಾಗಿ ಇರಬೇಕು ಅಂದ್ರೆ ಅದೇ ಒಳ್ಳೇದು.

ಸುಂಟಿಕೊಪ್ಪ ತೋಟ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವಿರಾಜಪೇಟೆ ಸರ್, ಆ 0.8 ಮೀಟರ್ ಲೆಕ್ಕ ಓದಿದ ಮೇಲೆ 26 ಅಡಿ ಬೋಟಿನ ಮೇಲಿನ ಆಸೆ ಅರ್ಧ ಹೋಯ್ತು. ಆದ್ರೂ ಒಂದು ಪ್ರಶ್ನೆ, ಬೋರ್ಡ್ ಎತ್ತಿ ಅರ್ಧ ಮೀಟರಲ್ಲಿ ಹೋಗೋದಾದ್ರೆ ಗಾಳಿಗೆ ಎದುರು ಹೋಗೋಕೆ ಆಗುತ್ತಾ? ಮಗುಚಿಕೊಳ್ಳೋ ಭಯ? ಎರಡು ಒಡಲಿನ ಕೆಟಮರಾನ್ ಹೇಗೆ, ಅದಕ್ಕೂ ಕಮ್ಮಿ ನೀರು ಸಾಕು ಅಂತಾರಲ್ಲ? ಬಿಲ್ಜ್ ಕೀಲ್ ನಮ್ಮ ದೇಶದಲ್ಲಿ ಮಾರಾಟಕ್ಕೆ ನನ್ನ ಕಣ್ಣಿಗೆ ಬಿದ್ದಿಲ್ಲ, ಸಿಕ್ಕಿದ್ರೆ ಖಂಡಿತ ನೋಡ್ತೀನಿ.

ವಿರಾಜಪೇಟೆ, ನಿವೃತ್ತ ನೌಕಾಪಡೆ

ಒಂದೊಂದಾಗಿ ಹೇಳ್ತೀನಿ. ಬೋರ್ಡ್ ಎತ್ತಿದ್ರೆ ಬೋಟ್ ಮುಂದೆ ಹೋಗೋದಕ್ಕಿಂತ ಪಕ್ಕಕ್ಕೆ ಜಾರೋದೇ ಜಾಸ್ತಿ, ಗಾಳಿಗೆ ಎದುರು ಹೋಗೋಕೆ ಆಗಲ್ಲ. ಆದ್ರೆ ನೀವು ಎತ್ತೋದು ಅಳಿವೆ ದಾಟೋವಾಗ, ನದಿ ಒಳಗೆ, ದಡಕ್ಕೆ ಹಚ್ಚೋವಾಗ ಮಾತ್ರ ಅಲ್ವಾ, ಅಲ್ಲೆಲ್ಲ ಇಂಜಿನ್ ಇರುತ್ತೆ ಇಲ್ಲಾ ಗಾಳಿ ಹಿಂದಿಂದ ಇರುತ್ತೆ. ಹೊರಗೆ ಸಮುದ್ರದಲ್ಲಿ ಪೂರ್ತಿ ಇಳಿಸಿದ್ರೆ 1.2 ಮೀಟರ್ ಸಿಗುತ್ತೆ, ಫಿನ್ ಕೀಲಿಗಿಂತ ತುಂಬಾ ಹಿಂದೆ ಬೀಳಲ್ಲ. ಅಳಿವೆಯಲ್ಲೂ ಪೂರ್ತಿ ಎತ್ತಬೇಡಿ, ಸ್ವಲ್ಪ ಕೆಳಗೆ ಬಿಟ್ಟಿರಿ, ಚುಕ್ಕಾಣಿ ಮಾತು ಕೇಳುತ್ತೆ, ಮರಳಿಗೆ ತಾಗಿದ್ರೆ ಮೊದಲು ಬೋರ್ಡ್ ತಾಗಿ ತಾನೇ ಮೇಲೆ ಮಡಚ್ಕೊಳ್ಳುತ್ತೆ, ನಿಮಗೆ ಅಲ್ಲೇ ಗೊತ್ತಾಗುತ್ತೆ ತಿರುಗಿಸ್ಬೇಕು ಅಂತ. ಹಿಂಜ್ ಮೇಲೆ ತಿರುಗೋ ಸೆಂಟರ್‌ಬೋರ್ಡಿನ ದೊಡ್ಡ ಅನುಕೂಲ ಇದು. ನೆಟ್ಟಗೆ ಮೇಲೆ ಕೆಳಗೆ ಹೋಗೋ ಡ್ಯಾಗರ್‌ಬೋರ್ಡ್ ಹಾಗೆ ಮಡಚಲ್ಲ, ತಾಗಿದ್ರೆ ಮುರಿಯುತ್ತೆ ಇಲ್ಲಾ ಪೆಟ್ಟಿಗೆ ಸೀಳುತ್ತೆ. ಚುಕ್ಕಾಣಿನೂ ಮೇಲೆ ಮಡಚೋ ಥರ ಇದೆಯಾ ನೋಡಿ, ಎಷ್ಟೋ ಜನ ಬೋರ್ಡ್ ನೋಡಿ ಚುಕ್ಕಾಣಿ ನೋಡಲ್ಲ.

ಮಗುಚೋ ವಿಷಯದಲ್ಲಿ ನೀವು ಮಾರೋರ ಹತ್ರ ಕೇಳಬೇಕಾದ ಪ್ರಶ್ನೆ ಒಂದೇ, ಬ್ಯಾಲಸ್ಟ್ (ಬೋಟ್ ಮಗುಚದ ಹಾಗೆ ತಳದಲ್ಲಿ ಇಡೋ ಭಾರ) ಎಲ್ಲಿದೆ, ಎಷ್ಟು ಕೆಜಿ. ಬೋಟಿನ ತಳದಲ್ಲೇ ಗಿಡ್ಡ ಕೀಲ್ ಇದ್ದು ಅದರೊಳಗೆ ಕಬ್ಬಿಣ ಅಥವಾ ಸೀಸ ತುಂಬಿ, ಬೋರ್ಡ್ ಅದರ ಸೀಳಿನಿಂದ ಇಳಿಯೋ ಥರ ಇದ್ರೆ ಬೋರ್ಡ್ ಎತ್ತಿದ್ರೂ ಭಾರ ಕೆಳಗೇ ಇರುತ್ತೆ, ಅಂಥದ್ದು ಒಳ್ಳೇದು. ಬ್ಯಾಲಸ್ಟೇ ಇಲ್ಲದ ಡಿಂಗಿ (ಸಣ್ಣ ತೆರೆದ ದೋಣಿ) ಆದ್ರೆ, ವೇಫೇರರ್ ಥರದ್ದು, ಬೋರ್ಡ್ ಎತ್ತಿದ್ರೆ 20 ಸೆಂಟಿಮೀಟರ್ ನೀರು ಸಾಕು ಆದ್ರೆ ನೆಟ್ಟಗೆ ನಿಲ್ಲಿಸೋದು ನಿಮ್ಮ ಮೈ ಭಾರ, ಗಾಳಿ ಜೋರಾದ್ರೆ ಮಗುಚುತ್ತೆ, ಕಲಿಯೋಕೆ ಬಹಳ ಒಳ್ಳೇ ಬೋಟು, ಸಣ್ಣ ಮಕ್ಕಳ ಜೊತೆ ರಾತ್ರಿ ತಂಗೋ ಪ್ರಯಾಣಕ್ಕೆ ನಾನು ಹೇಳಲ್ಲ. ಹೊಯ್ದಾಟ ಇದ್ದೇ ಇರುತ್ತೆ, 19 ಅಡಿ ಬೋಟ್ ಯಾವ ಕೀಲ್ ಇದ್ರೂ ಹೊಯ್ದಾಡುತ್ತೆ.

ಕೆಟಮರಾನ್ ಅಂದ್ರೆ ಎರಡು ಥರ. ಹೋಬಿ 16 ಥರದ್ದು ಸೀದಾ ಮರಳಿಗೆ ಹತ್ತಿಸಬಹುದು, ಬೋರ್ಡೇ ಇಲ್ಲ, ಆದ್ರೆ ಮಲಗೋಕೆ ಜಾಗನೂ ಇಲ್ಲ. ಮಲಗೋ ಅಂಥ ಕೆಟಮರಾನ್ ಅಗಲ ಜಾಸ್ತಿ, ರೇಟು ಜಾಸ್ತಿ, ರೋಡಲ್ಲಿ ತರೋಕಾಗಲ್ಲ.

ಕುಮಟಾದವ್ರು ಹೇಳಿದ ಬಿಲ್ಜ್ ಕೀಲ್ ಕೆಸರಲ್ಲಿ ನಿಲ್ಲೋಕೆ ನಿಜವಾಗ್ಲೂ ಚೆನ್ನ, ಒಪ್ತೀನಿ. ಒಂದು ತೊಂದರೆ ಏನಂದ್ರೆ ಫಿನ್ ಕೀಲ್ ತಾಗಿದ್ರೆ ಎಲ್ಲರೂ ಒಂದು ಪಕ್ಕ ಕೂತು ಬೋಟ್ ವಾಲಿಸಿದ್ರೆ ಕೀಲ್ ಮೇಲೆ ಬಂದು ಬಿಡಿಸ್ಕೊಳ್ಳುತ್ತೆ, ಬಿಲ್ಜ್ ಕೀಲ್ ವಾಲಿಸಿದ್ರೆ ಆ ಪಕ್ಕದ ಕೀಲ್ ಇನ್ನೂ ಆಳಕ್ಕೆ ಹೋಗುತ್ತೆ, ಬಿಡಿಸ್ಕೊಳ್ಳೋಕಾಗಲ್ಲ. ಸೆಂಟರ್‌ಬೋರ್ಡಲ್ಲಿ ಹಗ್ಗ ಎಳೆದ್ರೆ ಮುಗೀತು.

ಇನ್ನೊಂದು, ದಿಕ್ಕು. ಫೆಬ್ರವರಿಯಿಂದ ಮೇ ತನಕ ಬೆಳಿಗ್ಗೆ ಭೂಮಿ ಕಡೆಯಿಂದ ಮೆಲ್ಲಗೆ ಗಾಳಿ, ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಕಡಲ ಗಾಳಿ. ಮಂಗಳೂರಿಂದ ಕಾರವಾರಕ್ಕೆ ಹೋದ್ರೆ ದಿನಾ ಮಧ್ಯಾಹ್ನ ಗಾಳಿಗೆ ಎದುರು ಹೊಡೆದಾಡ್ಬೇಕು. ಬೋಟನ್ನ ರೋಡಲ್ಲಿ ಕಾರವಾರಕ್ಕೆ ತಗೊಂಡು ಹೋಗಿ ಅಲ್ಲಿಂದ ದಕ್ಷಿಣಕ್ಕೆ ಇಳೀರಿ, ಅದೇ ಗಾಳಿ ನಿಮ್ಮನ್ನ ಮನೆ ಕಡೆಗೆ ತಳ್ಳುತ್ತೆ. ಅಂಜುದೀವಿ ದ್ವೀಪದ ಕಡೆ ನೌಕಾಪಡೆ ಜಾಗ, ದೂರ ಇರಿ. ಕಾಳಿ ನದಿ ಒಳಗೆ ಹೋಗೋದಾದ್ರೆ 2024ರ ಆಗಸ್ಟಲ್ಲಿ ಹಳೇ ಸೇತುವೆ ಕುಸಿದಿತ್ತು, ನೀರೊಳಗೆ ಏನೇನಿದೆ ಅಂತ ಅಲ್ಲಿಯವರನ್ನ ಕೇಳಿನೇ ಹೋಗಿ.

ಕುಶಾಲನಗರ ಗ್ಯಾರೇಜ್

ಎಲ್ಲರೂ ನೀರಿನ ಬಗ್ಗೆ ಹೇಳ್ತಿದೀರ, ನಾನು ರೋಡಿನ ಬಗ್ಗೆ ಹೇಳ್ತೀನಿ, ಟ್ರೇಲರ್ ಕೆಲಸ ಮಾಡ್ತೀನಿ ನಾನು. ಅಣ್ಣ, ನೀವಿರೋದು ಸುಂಟಿಕೊಪ್ಪ, ಸಮುದ್ರ ಇರೋದು ಘಾಟಿ ಕೆಳಗೆ. 26 ಅಡಿ ಫಿನ್ ಕೀಲ್ ಬೋಟನ್ನ ಟ್ರೇಲರ್ ಮೇಲೆ ಕೂರಿಸಿದ್ರೆ ಕೀಲೇ 1.4 ಮೀಟರ್ ಎತ್ತರ, ಅದರ ಮೇಲೆ ಬೋಟು, ಲಾರಿ ಲೋಡ್ ಆಗುತ್ತೆ, ಇಳಿಸೋಕೆ ಕ್ರೇನ್ ಬೇಕು. ಅಂದ್ರೆ ವರ್ಷಪೂರ್ತಿ ಅದು ಕರಾವಳಿಯಲ್ಲೇ ಇರ್ಬೇಕು, ಮಳೆಗಾಲಕ್ಕೆ ಅಲ್ಲೇ ಯಾವುದಾದ್ರೂ ಯಾರ್ಡಲ್ಲಿ ಮೇಲೆತ್ತಿಸಿ ಇಡ್ಬೇಕು, ಬಾಡಿಗೆ ಕಟ್ಬೇಕು, ನೀವು ಇಲ್ಲಿ ಮಳೆಯಲ್ಲಿ ತೋಟದ ಕೆಲಸ ನೋಡ್ತಾ ಅಲ್ಲಿ ಬೋಟಿಗೆ ಏನಾಯ್ತೋ ಅಂತ ಯೋಚನೆ ಮಾಡ್ತಾ ಕೂರ್ಬೇಕು.

19 ಅಡಿದು ಬೋರ್ಡ್ ಮೇಲಿದ್ರೆ ಟ್ರೇಲರ್ ಮೇಲೆ ತಗ್ಗಾಗಿ ಕೂರುತ್ತೆ, ಮೇ ಕೊನೆಗೆ ಮುಂಚೆ ಮನೆಗೆ ತಂದು ಕಾಫಿ ಗೋದಾಮಲ್ಲಿ ನಿಲ್ಲಿಸಬಹುದು. ಆದ್ರೆ ಬ್ಯಾಲಸ್ಟ್ ಸೇರಿ ಟನ್ ದಾಟಬಹುದು, ಅದಕ್ಕೆ ಟ್ರೇಲರಿಗೇ ಬ್ರೇಕ್ ಇರ್ಲೇಬೇಕು, ಸಂಪಾಜೆ ಘಾಟಿ ಇಳಿಯೋವಾಗ ಹಿಂದಿನ ಭಾರ ಗಾಡಿನ ತಳ್ಳುತ್ತೆ, ಬರೀ ಜೀಪಿನ ಬ್ರೇಕ್ ಬಿಸಿಯಾಗಿ ಕೈ ಕೊಡುತ್ತೆ. ಎಳೆಯೋ ಗಾಡಿಯ ಟೋಯಿಂಗ್ ಕೆಪಾಸಿಟಿ ಬುಕ್ಕಲ್ಲಿ ನೋಡಿ, ಟ್ರೇಲರ್ ರಿಜಿಸ್ಟ್ರೇಷನ್ ಬಗ್ಗೆ ಆರ್‌ಟಿಒದಲ್ಲಿ ಮೊದ್ಲೇ ಕೇಳಿ. ಅಗಲ ಎರಡೂವರೆ ಮೀಟರ್ ಒಳಗಿದ್ರೆ ನೆಮ್ದಿ. ಜೋರು ಮಳೆ ಶುರುವಾದ ಮೇಲೆ ಘಾಟಿ ಹತ್ತಿಸೋ ಪ್ಲಾನ್ ಬೇಡ, 2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ರೋಡೇ ಹೋಗಿದ್ದು ಎಲ್ಲರಿಗೂ ನೆನಪಿದೆ. ಉಪ್ಪು ನೀರಿಗೆ ಇಳಿಸಿದ ಟ್ರೇಲರನ್ನ ಅವತ್ತೇ ಸಿಹಿ ನೀರಲ್ಲಿ ತೊಳೀರಿ, ಬೇರಿಂಗ್‌ಗೆ ಗ್ರೀಸ್ ಹೊಡೀರಿ, ಇಲ್ಲಾಂದ್ರೆ ಒಂದೇ ಸೀಸನ್ನಿಗೆ ಬೇರಿಂಗ್ ಜಾಮ್.

ಮಲ್ಪೆ ಕಡಲು

ಗ್ಯಾರೇಜಿನವ್ರು ಹೇಳಿದ್ದು ಸರಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟಿಗೇ ನಿಷೇಧ, ಆ ಸಮಯ ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಮೇ ತಿಂಗಳಲ್ಲೂ ಹವಾಮಾನ ನೋಡಿಯೇ, 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದು ನಮ್ಮ ಕರಾವಳಿ ಎಷ್ಟು ಹಾಳಾಯ್ತು ಅಂತ ಗೊತ್ತುಂಟಲ್ಲ.

ಮತ್ತೆ ಬಲೆ. ದಡದ ಹತ್ತಿರ ಹೋಗ್ಲಿಕ್ಕೆ ಆಗ್ತದೆ ಅಂತ ತೀರ ದಡಕ್ಕೆ ಹೋಗಬೇಡಿ, ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಟ್ಟಿರ್ತಾರೆ, ನದಿ ಒಳಗೆ ಗೂಟದ ಬಲೆ ಇರ್ತದೆ. ನಿಮ್ಮ ಬೋರ್ಡಿಗೆ ಬಲೆ ಸಿಕ್ಕಿದ್ರೆ ನಿಮಗೂ ಕಷ್ಟ, ಅವರ ಒಂದು ದಿನದ ದುಡಿಮೆಯೂ ಹೋಯ್ತು. ಕತ್ತಲಾಗುವ ಮೊದಲೇ ಒಳಗೆ ಬನ್ನಿ, ದೋಣಿಯವರನ್ನು ಮಾತಾಡಿಸಿ, ಎಲ್ಲಿ ಲಂಗರು ಹಾಕಬಹುದು ಅಂತ ಅವರೇ ತೋರಿಸ್ತಾರೆ.

ಸುಂಟಿಕೊಪ್ಪ ತೋಟ

ರೋಡಿನ ವಿಷಯ ನಾನು ಯೋಚನೆನೇ ಮಾಡಿರ್ಲಿಲ್ಲ. 19 ಅಡಿದೇ ಅಂತ ಮನೆಯಲ್ಲಿ ಮಾತಾಯ್ತು, ಹೆಂಡತಿಗೂ ಒಪ್ಪಿಗೆ, ಮಕ್ಕಳು ಮುಂದಿನ ಬರ್ತ್ ಯಾರದು ಅಂತ ಈಗ್ಲೇ ಜಗಳ ಶುರು ಮಾಡಿದಾರೆ. ಮುಂದಿನ ವಾರ ಹೋಗಿ ನೋಡ್ತೀನಿ. ಬೋಟ್ ಈಗ ನೀರಿಂದ ಮೇಲೆ, ಮರದ ದಿಮ್ಮಿ ಮೇಲೆ ಕೂತಿದೆ. ವಿರಾಜಪೇಟೆ ಸರ್, ಅಲ್ಲಿ ನಾನು ಮುಖ್ಯವಾಗಿ ಏನು ಚೆಕ್ ಮಾಡ್ಬೇಕು? ಮತ್ತೆ ನಮಗೆ ಫೆಬ್ರವರಿ ಮಾರ್ಚಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋ ಕೆಲಸ, ಆಗ ಬಿಟ್ಟು ಬರೋಕಾಗಲ್ಲ, ಬೇರೆ ಯಾವ ತಿಂಗಳು ಒಳ್ಳೇದು? ಹಾರಂಗಿ ಹಿನ್ನೀರಲ್ಲಿ ಮೊದ್ಲು ಪ್ರಾಕ್ಟೀಸ್ ಮಾಡಬಹುದಾ?

ವಿರಾಜಪೇಟೆ, ನಿವೃತ್ತ ನೌಕಾಪಡೆ

ದಿಮ್ಮಿ ಮೇಲೆ ಕೂತಿರೋ ಬೋಟಿನ ಬೋರ್ಡ್ ಪೂರ್ತಿ ಇಳಿಯಲ್ಲ, ಅಲ್ಲೇ ಜನ ಮೋಸ ಹೋಗೋದು. ಜ್ಯಾಕ್ ಹಾಕಿಸಿ ಎತ್ತಿಸಿ, ಇಲ್ಲಾ ಕೆಳಗೆ ಗುಂಡಿ ತೋಡಿಸಿ, ಬೋರ್ಡನ್ನ ಪೂರ್ತಿ ಕೆಳಗೆ ಬಿಟ್ಟು ಮತ್ತೆ ಮೇಲೆ ಎಳೀರಿ. ಒಪ್ಪದಿದ್ರೆ ಅಡ್ವಾನ್ಸ್ ಕೊಡಬೇಡಿ. ಇಳಿಸಿದಾಗ ಅದರ ತುದಿ ಹಿಡಿದು ಅಲ್ಲಾಡಿಸಿ, ಸ್ವಲ್ಪ ಆಟ ಇರುತ್ತೆ, ಕಟಕಟ ಅಂತ ಜಾಸ್ತಿ ಅಲ್ಲಾಡಿದ್ರೆ ಪಿವಟ್ ಪಿನ್ ಸವೆದಿದೆ. ಬೋರ್ಡ್ ಕಬ್ಬಿಣದ್ದಾಗಿದ್ರೆ ತುಕ್ಕು ಹಿಡಿದು ಉಬ್ಬಿ ಸೀಳಿನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಸೀಳಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಚಿಪ್ಪು ಕಟ್ಟಿರುತ್ತೆ, ಅದನ್ನ ಕೆರೆದು ತೆಗೆಯಬಹುದು. ಆದ್ರೆ ಪೆಟ್ಟಿಗೆ ತಳಕ್ಕೆ ಸೇರೋ ಜಾಗದಲ್ಲಿ ಬಿರುಕು ಅಥವಾ ಹೊಸದಾಗಿ ಬಳಿದ ಫೈಬರ್ ಕಂಡ್ರೆ ಯಾಕೆ ಅಂತ ಕೇಳಿ. ಎತ್ತೋ ಹಗ್ಗ ಹೇಗಿದ್ರೂ ಹೊಸದು ಹಾಕಿಸಿ. ಮುಂದಕ್ಕೆ ನೀವು ದಡಕ್ಕೆ ಹಚ್ಚಿ ಬಿಟ್ಟಾಗೆಲ್ಲ ಸೀಳಿನೊಳಗೆ ಸಣ್ಣ ಕಲ್ಲು ಸೇರಿ ಬೋರ್ಡ್ ಜಾಮ್ ಆಗಬಹುದು, ಹೊರಡೋ ಮುಂಚೆ ನೀರಲ್ಲೇ ಒಂದ್ಸಲ ಇಳಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಮಾಸ್ಟ್ (ಹಾಯಿ ಕಂಬ) ಬುಡದಲ್ಲಿ ಹಿಂಜ್ ಇದೆಯಾ, ಇಬ್ಬರೇ ಸೇರಿ ಇಳಿಸಬಹುದಾ ಅನ್ನೋದೂ ನೋಡಿ. ನದಿ ಒಳಗೆ ಹೋಗ್ತೀರಿ ಅಂದ್ರೆ ಹೈವೇ ಸೇತುವೆ, ಕೊಂಕಣ ರೈಲ್ವೆ ಸೇತುವೆ ಅಡ್ಡ ಬರುತ್ತೆ, ಅದರ ಜೊತೆ ಕರೆಂಟ್ ತಂತಿ. ಕೆಳಗಿನ ಆಳದಷ್ಟೇ ಮೇಲಿನ ಎತ್ತರನೂ ಲೆಕ್ಕ. ದಡದಲ್ಲಿ ಟ್ರೇಲರ್ ನಿಲ್ಲಿಸಿ ಮಾಸ್ಟ್ ಏರಿಸೋವಾಗಂತೂ ಮೊದಲು ತಲೆ ಮೇಲೆ ತಂತಿ ಇದೆಯಾ ನೋಡಿ.

ತಿಂಗಳು ಅಂದ್ರೆ ನಿಮಗೆ ಏಪ್ರಿಲ್ ಸರಿ ಹೋಗುತ್ತೆ, ಹೂವು ಮುಗಿದಿರುತ್ತೆ, ಮಕ್ಕಳಿಗೂ ರಜೆ. ಇಲ್ಲಾ ಕೊಯ್ಲು ಶುರುವಾಗೋ ಮುಂಚೆ ನವೆಂಬರ್ ಮೊದಲ ಭಾಗ, ಆಗ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏನಾದ್ರೂ ಇದೆಯಾ ಅಂತ ದಿನಾ ಹವಾಮಾನ ಇಲಾಖೆ ಬುಲೆಟಿನ್ ನೋಡ್ಕೊಂಡು. ಹಾರಂಗಿಯಲ್ಲಿ ಇಳಿಸೋಕೆ ನೀರಾವರಿ ನಿಗಮದ ಅನುಮತಿ ಬೇಕಾಗುತ್ತೆ, ಬೇಸಿಗೆಯಲ್ಲಿ ನೀರೂ ಇಳಿದಿರುತ್ತೆ. ನನ್ನ ಕೇಳಿದ್ರೆ ಮೊದಲ ಸೀಸನ್ ಮಾಕುಟ್ಟ ರೋಡಲ್ಲಿ ಕಣ್ಣೂರು ಕಡೆ ಇಳೀರಿ. ನಮ್ಮ ಬ್ರಹ್ಮಗಿರಿ ಕಡೆಯ ಬಾರಪೊಳೆ ನೀರು ವಳಪಟ್ಟಣಂ ಹೊಳೆಗೆ ಸೇರಿ ಅಳಿಕ್ಕಲ್ ಹತ್ರ ಸಮುದ್ರಕ್ಕೆ ಹೋಗುತ್ತೆ, ಅದರ ಉತ್ತರಕ್ಕೆ ಪಯ್ಯನ್ನೂರು ಪಕ್ಕ ಕವ್ವಾಯಿ ಹಿನ್ನೀರು, ಉದ್ದಕ್ಕೆ ಮರಳಿನ ಪಟ್ಟಿ ಅಡ್ಡ ಇರೋದ್ರಿಂದ ಸಮುದ್ರದ ಅಲೆ ಒಳಗೆ ಬರಲ್ಲ. ಆಳ ತೀರ ಕಮ್ಮಿ, ನಿಮ್ಮ ಬೋರ್ಡ್ ಎತ್ತೋ ಇಳಿಸೋ ಕೈ ಅಲ್ಲೇ ಪಳಗುತ್ತೆ, ಮಕ್ಕಳಿಗೂ ಹೆದರಿಕೆ ಇಲ್ಲ. ಎಳಿಮಲೆ ನೌಕಾ ಅಕಾಡೆಮಿ ಕಡೆಯ ನೀರಿಗೆ ಮಾತ್ರ ಹೋಗಬೇಡಿ. ಬೋಟ್ ನೋಂದಣಿ, ಲೈಫ್‌ಜಾಕೆಟ್, ವಿಎಚ್‌ಎಫ್ ರೇಡಿಯೋ ಸೆಟ್ ಎಲ್ಲ ಹೊರಡೋ ಮುಂಚೆ ಬಂದರು ಕಚೇರಿಯಲ್ಲಿ ವಿಚಾರಿಸಿ ಸರಿ ಮಾಡ್ಕೊಳ್ಳಿ, ಕೋಸ್ಟ್ ಗಾರ್ಡ್ ನಂಬರ್ 1554 ಇಬ್ಬರ ಫೋನಲ್ಲೂ ಇರಲಿ.

ಬೋಟ್ ನೋಡೋಕೆ ಹೋಗೋ ದಿನ ತಿಳಿಸಿ, ಬಿಡುವಿದ್ರೆ ನಾನೂ ಬರ್ತೀನಿ.

ಕುಶಾಲನಗರ ಗ್ಯಾರೇಜ್

ಹೋದಾಗ ಬೋಟಿನ ತಳದ ಅಳತೆ ತಗೊಂಡು ಬನ್ನಿ ಅಣ್ಣ, ಗಿಡ್ಡ ಕೀಲಿನ ಉದ್ದ, ಅಗಲ, ಮುಂದಿನ ತುದಿಯಿಂದ ಅದು ಎಷ್ಟು ದೂರದಲ್ಲಿ ಶುರುವಾಗುತ್ತೆ ಅಂತ. ರೋಲರ್ ಎಲ್ಲಿ ಕೂರಿಸ್ಬೇಕು ಅನ್ನೋದು ಅದರ ಮೇಲೇ ಇರೋದು. ನಾಲ್ಕು ಕಡೆಯಿಂದ ಫೋಟೋನೂ ಹಾಕಿ.